ಮಾಡಿದ್ದುಣ್ಣೋ ಮಹರಾಯ?

ಕ್ರಿಸ್ ವೈಡ್ಮನ್ ಕಾಲು ಮುರಿದ ಮಾತು ಬಂದಾಗೆಲ್ಲ ಯಾರಾದರೊಬ್ಬರು "ಕರ್ಮ ಬಿಡುತ್ತಾ?" ಅಂತ ಹೇಳೇ ಹೇಳ್ತಾರೆ. ಅದನ್ನ ಕೇಳಿದ್ರೆ ನಂಗೆ ಮೈಯೆಲ್ಲ ಉರಿಯುತ್ತೆ.

ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ನೋಡದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. 2006ರಿಂದ ಯುಎಫ್‌ಸಿ ಮಿಡಲ್‌ವೇಟ್ ಪಟ್ಟದಲ್ಲಿ ಅಲ್ಲಾಡದೆ ಕೂತಿದ್ದ ಬ್ರೆಜಿಲ್‌ನ ಆಂಡರ್ಸನ್ ಸಿಲ್ವಾನನ್ನ ಅಮೆರಿಕದ ವೈಡ್ಮನ್ 2013ರ ಜುಲೈನಲ್ಲಿ ನಾಕೌಟ್ ಮಾಡಿದ. ಅದೇ ಡಿಸೆಂಬರ್ 28ಕ್ಕೆ ಮತ್ತೆ ಅವರಿಬ್ಬರದೇ ಪಂದ್ಯ. ಸಿಲ್ವಾ ಎಡಗಾಲು ಬೀಸಿ ಒದ್ದ, ವೈಡ್ಮನ್ ಮಂಡಿ ಎತ್ತಿ ತಡೆದ, ಸಿಲ್ವಾನ ಮೊಣಕಾಲ ಕೆಳಗಿನ ಎರಡೂ ಮೂಳೆ ಲಟಕ್! ಆಮೇಲೆ 2021ರ ಏಪ್ರಿಲ್ 24, ಫ್ಲಾರಿಡಾದ ಜಾಕ್ಸನ್‌ವಿಲ್. ಈ ಸಲ ಒದ್ದವನು ವೈಡ್ಮನ್, ತಡೆದವನು ಯುರಾಯ ಹಾಲ್. ಮೊದಲನೇ ಒದೆತಕ್ಕೇ ಕಾಲು ಮುರೀತು. ಹದಿನೇಳು ಸೆಕೆಂಡಲ್ಲಿ ಪಂದ್ಯ ಖತಂ. ಹಾಲ್ ಒಂದೇ ಒಂದು ಏಟು ಹಾಕದೆ ಗೆದ್ದ.

ಇದರಲ್ಲಿ ಕರ್ಮ ಎಲ್ಲಿಂದ ಬಂತು ಸ್ವಾಮಿ? ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಮ್ಮ ತಲೆಗೆ ತುರುಕಿದ ಮೆಕ್ಯಾನಿಕ್ಸ್ ಸಾಕು ಇದಕ್ಕೆ (ಜಾವಾ ಬರೆಯೋನಿಗೆ ಅದು ಇಷ್ಟಾದ್ರೂ ಉಪಯೋಗಕ್ಕೆ ಬರಲಿ!). ಉದ್ದ ಸಪೂರ ಮೂಳೆ ಜೋರಾಗಿ ಬೀಸಿ ಬರ್ತಿರುತ್ತೆ. ಅದರ ನಡುಭಾಗ ಮಂಡಿಯಂಥ ಗಟ್ಟಿ ಗಂಟಿಗೆ ಬಡಿದು ನಿಲ್ಲುತ್ತೆ, ಮಿಕ್ಕಿದ್ದು ಮುಂದಕ್ಕೆ ಹೋಗ್ತಾನೇ ಇರುತ್ತೆ. ಬಾಗಲಾರದ್ದು ಮುರಿಯುತ್ತೆ. ವೈಡ್ಮನ್ ತನ್ನ ಗುರು ರೇ ಲಾಂಗೊ ಹತ್ರ ಈ ತಡೆಯನ್ನ ಅಭ್ಯಾಸ ಮಾಡಿಕೊಂಡೇ ಬಂದಿದ್ದ. ಅದು ವಿದ್ಯೆ. ಕಲಿತ ವಿದ್ಯೆಗೂ ಪಾಪದ ಲೆಕ್ಕ ಬರೀತೀರಾ?

ಮರಳಿ ಬಂದ ಕತೆಗಳಲ್ಲೂ ಕರ್ಮದ ಲೆಕ್ಕ ತಾಳೆ ಆಗಲ್ಲ. ಸಿಲ್ವಾ 13 ತಿಂಗಳಿಗೆ ವಾಪಸ್ ಬಂದು ನಿಕ್ ಡಯಾಜ್ ಮೇಲೆ ಗೆದ್ದ, ಅತ್ತ. ಆಮೇಲೆ ಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸಿಕ್ಕಿ ಆ ಗೆಲುವೇ ರದ್ದಾಯ್ತು. ವೈಡ್ಮನ್‌ಗೆ ಒಂದಕ್ಕಿಂತ ಹೆಚ್ಚು ಆಪರೇಶನ್, ಕಾಲೊಳಗೆ ಲೋಹದ ಸರಳು, 28 ತಿಂಗಳು. 2023ರ ಆಗಸ್ಟ್‌ನಲ್ಲಿ, 39ನೇ ವಯಸ್ಸಲ್ಲಿ, ಬ್ರಾಡ್ ಟವಾರೆಸ್ ಎದುರು ನಿಂತ. ಆತ ಮತ್ತೆ ಮತ್ತೆ ಕಾಲಿಗೇ ಒದ್ದ. ವೈಡ್ಮನ್ ಕೊನೇ ಗಂಟೆವರೆಗೂ ನಿಂತು, ತೀರ್ಪುಗಾರರ ಲೆಕ್ಕದಲ್ಲಿ ಸೋತ. 2024ರ ಮಾರ್ಚ್‌ನಲ್ಲಿ ಬ್ರೂನೊ ಸಿಲ್ವಾ ಮೇಲೆ ಗೆದ್ದನಲ್ಲ, ಅದು ಕಣ್ಣಿಗೆ ಬೆರಳು ತಾಗಿದ ಗಲಾಟೆಯ ಗೆಲುವು. ನನಗೆ ಕೇಳಿದ್ರೆ ಆ ಸೋಲೇ ದೊಡ್ಡದು. 2025ರ ಜನವರಿಯಲ್ಲಿ ನಿವೃತ್ತಿ ಹೇಳಿದ.

ಎರಡೂ ವಿಡಿಯೋ ಹುಡುಕಿದ್ರೆ ಸಿಗುತ್ತೆ. ಊಟ ಆದ ಕೂಡ್ಲೇ ಮಾತ್ರ ನೋಡಬೇಡಿ.