ಜೀವಜಲಕ್ಕೊಂದು ಊರಿನ ಹೆಸರು

ಗೃಹಿಣಿಯೊಬ್ಬಳು ವಿಸ್ಕಿಯ ವಿಷಯವಾಗಿ ಲೇಖನಿ ಹಿಡಿಯುವುದೇ ಎಂದು ಹಿರಿಯರು ಹುಬ್ಬೇರಿಸಬಹುದು. ನಾನು ಅದನ್ನು ಸೇವಿಸುವವಳಲ್ಲ. ಆದರೂ ಬ್ರಿಟನ್ನಿನಲ್ಲಿ ನೆಲೆಸಿರುವ ನಾವು ಸ್ಕಾಟ್ಲೆಂಡಿನ ಈ ಪರಂಪರೆಯನ್ನು ಬಾಟಲಿಯ ಬೆಲೆ ಮತ್ತು ವಯಸ್ಸಿನಿಂದಷ್ಟೇ ಅಳೆಯುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಗೇಲಿಕ್ ಭಾಷೆಯಲ್ಲಿ 'ಜೀವಜಲ' ಎಂಬರ್ಥದ ಮಾತಿನಿಂದ 'ವಿಸ್ಕಿ' ಎಂಬ ಪದ ಹುಟ್ಟಿತು. 1494ರ ಸ್ಕಾಟ್ಲೆಂಡಿನ ರಾಜಭಂಡಾರದ ಲೆಕ್ಕದಲ್ಲಿ ಜಾನ್ ಕಾರ್ ಎಂಬ ಕ್ರೈಸ್ತ ಸನ್ಯಾಸಿಗೆ ಇದರ ತಯಾರಿಕೆಗೆಂದು ಮಾಲ್ಟ್ ಕೊಟ್ಟ ಉಲ್ಲೇಖವಿದೆ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಮಗುವಿನ ಸರಿಹಿಟ್ಟಿಗೆ ರಾಗಿಯನ್ನು ಮೊಳಕೆ ಕಟ್ಟಿದ ತಾಯಂದಿರಿಗೆ ಈ ಮೊದಲ ಹಂತವೇನೂ ಹೊಸದಲ್ಲ.

ಮುಂದಿನದು ನೆಲದ ಗುಣ ಹಾಗೂ ಕೈಗುಣ. ಐಲಾ ದ್ವೀಪದಲ್ಲಿ ಜವುಗುನೆಲದಿಂದ ಅಗೆದ ಪೀಟ್ ಸುಟ್ಟು ಬಾರ್ಲಿಯನ್ನು ಒಣಗಿಸುವುದರಿಂದ ಅಲ್ಲಿನ ಬಹುಪಾಲು ವಿಸ್ಕಿಗೆ ಹೊಗೆಯ ಘಾಟು. ಸ್ಪೇಸೈಡಿನದು ಹಣ್ಣಿನ ಕಂಪಿಗೆ ಪ್ರಸಿದ್ಧ; ಲೋಲ್ಯಾಂಡಿನದು ಸೌಮ್ಯ. ಹೈಲ್ಯಾಂಡ್, ಕ್ಯಾಂಬೆಲ್‌ಟೌನ್‌ಗಳನ್ನೂ ಸೇರಿಸಿ ಈ 5 ಪ್ರದೇಶಗಳ ಹೆಸರನ್ನು 2009ರ ಕಾನೂನು ರಕ್ಷಿಸುತ್ತದೆ. ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗದುದು ಸ್ಕಾಚ್ ಎನಿಸಿಕೊಳ್ಳಲಾರದು. ಮಲೆನಾಡಿನ ಅಪ್ಪೆಮಿಡಿಯ ಉಪ್ಪಿನಕಾಯಿಗೂ ಆಂಧ್ರದ ಆವಕಾಯಿಗೂ ಇರುವ ಭೇದವನ್ನು ಬಲ್ಲ ನಮಗೆ ಈ ಅಭಿಮಾನ ಅರ್ಥವಾಗಬೇಕು.

ವಯಸ್ಸೊಂದೇ ಹಿರಿಮೆಯಲ್ಲವೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ಪೀಪಾಯಿಯಿಂದ ಆವಿಯಾಗುವ ಭಾಗಕ್ಕೆ 'ದೇವದೂತರ ಪಾಲು' ಎಂಬ ಸೊಗಸಾದ ಹೆಸರಿದೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಸುಮಾರು ಶೇ. 2, ಬೆಂಗಳೂರಿನ ಬಿಸಿಲಿನಲ್ಲಿ ಶೇ. 10ಕ್ಕೂ ಹೆಚ್ಚು. ಅಲ್ಲಿ ಮಾಗುವಿಕೆಯೂ ಅಷ್ಟೇ ಶೀಘ್ರ. ಹಾಗೆ ಅಲ್ಪಕಾಲದಲ್ಲಿ ಮಾಗಿದ 'ಅಮೃತ್' ಸಿಂಗಲ್ ಮಾಲ್ಟ್ 2004ರಲ್ಲಿ ಸ್ಕಾಟರ ಗ್ಲಾಸ್ಗೋ ನಗರದಲ್ಲಿಯೇ ಮಾರುಕಟ್ಟೆಗಿಳಿದು ಮನ್ನಣೆ ಗಳಿಸಿತು.

ಮದ್ಯ ಮನೆ ಮುರಿಯಬಲ್ಲದು ಎಂಬ ನಮ್ಮ ತಾಯಂದಿರ ಮಾತು ಇದರಿಂದ ಸುಳ್ಳಾಗದು. ಆ ಮಾತನ್ನು ಸ್ಕಾಟರೂ ಬಲ್ಲರು. ಕುಡಿತದ ಹಾನಿಯನ್ನು ತಗ್ಗಿಸಲೆಂದು 2018ರಿಂದ ಮದ್ಯಕ್ಕೆ ಕನಿಷ್ಠ ಬೆಲೆಯನ್ನು ಕಡ್ಡಾಯಗೊಳಿಸಿ, 2024ರಲ್ಲಿ ಅದನ್ನು ಏರಿಸಿದವರು ಅವರೇ. ಅಭಿಮಾನ, ಎಚ್ಚರ ಎರಡನ್ನೂ ಒಂದೇ ನಾಡು ಪಾಲಿಸಿದೆ.

ನಮ್ಮ ಕೂಟಗಳಲ್ಲಾದರೋ ಒಂದೆಡೆ ಪ್ರದರ್ಶನ, ಇನ್ನೊಂದೆಡೆ ಮುಚ್ಚುಮರೆ. ಇವೆರಡರ ನಡುವೆ ಬೆಳೆಯುವ ಮಕ್ಕಳು ಕಲಿಯುವುದಾದರೂ ಏನನ್ನು? ಬೇಡವೆಂದವರನ್ನು ಬಲವಂತಪಡಿಸದಿರೋಣ, ಕುಡಿಯುವವರು ಮಿತಿಯನ್ನು ಮರೆಯದಿರಲಿ. ಕೇಳುವ ಮಕ್ಕಳಿಗೆ ಅದರ ಚರಿತ್ರೆಯನ್ನೂ ಕೇಡನ್ನೂ ಮರೆಮಾಚದೆ ಹೇಳೋಣ. ಮೌನಕ್ಕಿಂತ ಆ ತಿಳಿವಳಿಕೆಯೇ ಅವರನ್ನು ಕಾಯುವುದೆಂದು ನನ್ನ ದೃಢವಾದ ನಂಬಿಕೆ.