ಗೆಜೆಟ್ಟಿನ ನೀರು ಮಲಪ್ರಭೆಗೆ ಬರುವುದು ಯಾವಾಗ?

‘ದಿಲ್ಲಿಯಲ್ಲೂ ಬೆಂಗಳೂರಿನಲ್ಲೂ ಒಂದೇ ಪಕ್ಷದ ಸರ್ಕಾರ ಬರಲಿ, ಮಹದಾಯಿ ತಾನಾಗಿ ಹರಿದು ಬರುತ್ತದೆ’ ಎನ್ನುವವರು ನಮ್ಮ ಬೆಳವಣಕಿಯಲ್ಲೂ ಇದ್ದಾರೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಹಕ್ಕಿನ ನೀರಿಗೂ ದಿಲ್ಲಿಯವರ ಮರ್ಜಿ ಕಾಯಬೇಕಾದರೆ ಸಂವಿಧಾನ ಯಾಕೆ ಬೇಕು?

2002ರ ಏಪ್ರಿಲ್‌ನಲ್ಲಿ ಕೇಂದ್ರವು ಮಹದಾಯಿಯ ಕಳಸಾ–ಬಂಡೂರಿ ಹಳ್ಳಗಳಿಂದ 7.56 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. ಮಹದಾಯಿ ಹರಿದು ಹೋಗುವ ಗೋವಾ ಕೂಗೆಬ್ಬಿಸಿತು, ಸೆಪ್ಟೆಂಬರ್‌ನಲ್ಲಿ ಅದಕ್ಕೆ ತಡೆ ಬಿತ್ತು. 2019ರ ಅಕ್ಟೋಬರ್‌ನಲ್ಲಿ ಪರಿಸರ ಅನುಮತಿ ಬೇಕಿಲ್ಲವೆಂದು ಕೇಂದ್ರದಿಂದ ಪತ್ರ ಬಂತು. ಗೋವಾ ಮತ್ತೆ ಕೂಗಿತು. ಡಿಸೆಂಬರ್‌ನಲ್ಲಿ ಆ ಪತ್ರಕ್ಕೂ ತಡೆ. ಆಗ ದಿಲ್ಲಿ, ಬೆಂಗಳೂರು, ಪಣಜಿ ಮೂರೂ ಕಡೆ ಆಳುತ್ತಿದ್ದದ್ದು ಒಂದೇ ಪಕ್ಷ. ಎಲ್ಲಿ ಬಂತು ನೀರು?

ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ. ಕೇಳಿದ್ದರ ಮುಂದೆ ಅದು ಏನೇನೂ ಅಲ್ಲ. 2020ರ ಫೆಬ್ರುವರಿ 27ರಂದು ಆ ತೀರ್ಪು ಗೆಜೆಟ್ಟಿನಲ್ಲಿ ಪ್ರಕಟವಾಯಿತು. ಹಾಗೆ ಪ್ರಕಟವಾದ ತೀರ್ಪಿಗೆ ಸುಪ್ರೀಂ ಕೋರ್ಟ್ ಆದೇಶದಷ್ಟೇ ಬಲವಿದೆ ಎಂದು ಅಂತರರಾಜ್ಯ ಜಲವಿವಾದ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಅಂಥ ತೀರ್ಪು ಕೊಟ್ಟ ನೀರಿನ ಯೋಜನೆಯನ್ನೂ ಕೇಂದ್ರದ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2024ರ ಜನವರಿಯಲ್ಲಿ ಮುಂದಕ್ಕೆ ತಳ್ಳಿತು. ಕಾಡಿಗೆ ಧಕ್ಕೆ ಎನ್ನುವುದಾದರೆ ಆಗದು ಎಂದು ಬರೆದುಕೊಡಲಿ, ಕೋರ್ಟಿನಲ್ಲಿ ನೋಡಿಕೊಳ್ಳುತ್ತೇವೆ. ಅನುಮತಿ ಕೊಡುವ ಅಧಿಕಾರವಿದೆ ಎಂದರೆ ಕಡತದ ಮೇಲೆ ಕೂರುವ ಅಧಿಕಾರವೂ ಇದೆ ಎಂದಲ್ಲ.

ಕೇಂದ್ರದ ಕೈಗೆ ಈ ಕೀಲಿ ಬಂದದ್ದಾದರೂ ಹೇಗೆ? ನೀರು ಇಂದಿಗೂ ರಾಜ್ಯಪಟ್ಟಿಯಲ್ಲಿದೆ. ಕಾಡೂ ಅಲ್ಲೇ ಇತ್ತು. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿ ಕಾಡು, ವನ್ಯಜೀವಿ, ಶಿಕ್ಷಣವನ್ನೆಲ್ಲ ಸಮವರ್ತಿ ಪಟ್ಟಿಗೆ ಎಳೆದೊಯ್ದಿತು. ತುರ್ತು ಪರಿಸ್ಥಿತಿಯನ್ನು ವರ್ಷವರ್ಷವೂ ಬೈಯುವವರು ಆಗ ಕಿತ್ತುಕೊಂಡದ್ದನ್ನು ಮರಳಿ ಕೊಡುವ ಮಾತೆತ್ತುವುದಿಲ್ಲ. ತೆರಿಗೆಯಲ್ಲೂ ಇದೇ ಕಥೆ: ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ದುಡಿಯುವವರು ನಾವು, ಕೈಯೊಡ್ಡಿ ನಿಲ್ಲುವವರೂ ನಾವೇ.

ಮಳೆ ಕೈಕೊಟ್ಟ ವರ್ಷ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು ತುಂಬುವುದಿಲ್ಲ. ಕಾಲುವೆಯ ಕೊನೆಯ ಹೊಲಗಳಿಗೆ ಹನಿ ನೀರು ತಲುಪುವುದಿಲ್ಲ. ಎರೆ ಭೂಮಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. 2015ರಿಂದ ಮಹದಾಯಿ ನೀರಿಗಾಗಿ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕೂತ ರೈತರು ಯಾರ ದಾನವನ್ನೂ ಬೇಡಲಿಲ್ಲ. 2016ರಲ್ಲಿ ಇದೇ ಹೋರಾಟದಲ್ಲಿ ಯಮನೂರಿನಲ್ಲಿ ಲಾಠಿ ಏಟು ತಿಂದವರೂ ಬೇಡಲಿಲ್ಲ.

ಕರ್ನಾಟಕದ 28 ಲೋಕಸಭಾ ಸದಸ್ಯರಿಗೆ, 12 ರಾಜ್ಯಸಭಾ ಸದಸ್ಯರಿಗೆ ನಮ್ಮದೊಂದೇ ಒತ್ತಾಯ: ನ್ಯಾಯಮಂಡಳಿ ಕೊಟ್ಟ ನೀರಿಗೆ ಕೇಂದ್ರವು ಇಂತಿಷ್ಟು ದಿನದೊಳಗೆ ಅನುಮತಿಯನ್ನೋ ಕಾರಣಸಹಿತ ನಿರಾಕರಣೆಯನ್ನೋ ಕೊಡಲೇಬೇಕೆಂದು ಜಲವಿವಾದ ಕಾಯ್ದೆಗೆ ತಿದ್ದುಪಡಿ ತನ್ನಿ. ಅದಾಗುವವರೆಗೆ ಮಹದಾಯಿ ಹೆಸರಿನಲ್ಲಿ ನಮ್ಮೂರಿಗೆ ಮತ ಕೇಳಲು ಬರಬೇಡಿ.