ಒಳ್ಳೆಯ ಮನೆಯ ಹುಡುಗ: ಶಿಕ್ಷೆಯ ಹೊತ್ತಿನಲ್ಲಿ ಗುಣನಡತೆಯ ಮಾತು

2025ರ ಆಗಸ್ಟ್ 2ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯವು ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ ಜೀವಿತಾವಧಿಯ ಸೆರೆವಾಸ ವಿಧಿಸಿತು. ಮನೆಗೆಲಸದ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಅಪರಾಧ ಹಿಂದಿನ ದಿನವಷ್ಟೇ ಸಾಬೀತಾಗಿತ್ತು. ಶಿಕ್ಷೆಯ ಪ್ರಮಾಣದ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ಕೇಳಿದಾಗ ಆತ ಅಳುತ್ತ ಹೇಳಿಕೊಂಡದ್ದು ಇದು: ತಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರ, ಮೆರಿಟ್‌ನಲ್ಲಿ ಪಾಸಾದವನು, ರಾಜಕೀಯದಲ್ಲಿ ಬೇಗ ಮೇಲೆ ಬಂದದ್ದೇ ತನ್ನ ತಪ್ಪು. (ಎಂಜಿನಿಯರಿಂಗ್ ಪದವಿಯೇ ಸಚ್ಚಾರಿತ್ರ್ಯದ ಪುರಾವೆಯಾಗಿದ್ದರೆ ನಾವಿರುವ ಈ ಕಣಿವೆಗೆ ಸೆರೆಮನೆಯೇ ಬೇಕಿರಲಿಲ್ಲ.)

ಮಿಲ್ಪಿಟಾಸ್‌ನಲ್ಲಿ ಕುಳಿತು ಈ ಸುದ್ದಿ ಓದಿದವರಿಗೆ ನಮ್ಮದೇ ಸಾಂತಾ ಕ್ಲಾರಾ ಕೌಂಟಿಯ ಇನ್ನೊಂದು ಪ್ರಕರಣ ನೆನಪಾಗದೆ ಇರದು. 2015ರ ಜನವರಿಯ ಒಂದು ರಾತ್ರಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿ, ಪ್ರಜ್ಞೆ ತಪ್ಪಿ ಬಿದ್ದಿದ್ದ ತರುಣಿಯ ಮೇಲೆ ಈಜುಪಟು ಬ್ರಾಕ್ ಟರ್ನರ್ ಲೈಂಗಿಕ ಆಕ್ರಮಣ ನಡೆಸಿದ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಸ್ವೀಡನ್ನಿನ ವಿದ್ಯಾರ್ಥಿಗಳು ಅವನನ್ನು ಹಿಡಿದರು. 2016ರ ಮಾರ್ಚ್‌ನಲ್ಲಿ ಜ್ಯೂರಿ ಮೂರೂ ಆರೋಪಗಳಲ್ಲಿ ಅವನನ್ನು ತಪ್ಪಿತಸ್ಥನೆಂದಿತು. ಕಾನೂನಿನಂತೆ ಗರಿಷ್ಠ 14 ವರ್ಷ, ಸರ್ಕಾರಿ ವಕೀಲರು ಕೇಳಿದ್ದು 6 ವರ್ಷ. ಜೂನ್ 2ರಂದು ಪಾಲೋ ಆಲ್ಟೋ ನ್ಯಾಯಾಲಯದಲ್ಲಿ ನ್ಯಾಯಾಧೀಶ ಆರನ್ ಪರ್ಸ್ಕಿ ಕೊಟ್ಟದ್ದು 6 ತಿಂಗಳ ಕೌಂಟಿ ಜೈಲು ಮತ್ತು ಪ್ರೊಬೇಷನ್. ಸೆಪ್ಟೆಂಬರ್ 2ಕ್ಕೆ, ಅಂದರೆ ಮೂರೇ ತಿಂಗಳಿಗೆ, ಅಪರಾಧಿ ಹೊರಬಂದ.

ಆ ತೀರ್ಪಿಗೆ ಮುನ್ನ ನ್ಯಾಯಾಧೀಶರ ಮುಂದೆ ಬಂಧುಮಿತ್ರರು ಬರೆದ ಪತ್ರಗಳ ಕಟ್ಟು ಇತ್ತು. ಹುಡುಗ ಸಂಕೋಚದ ಸ್ವಭಾವದವನು, ಶ್ರಮಜೀವಿ, ಒಲಿಂಪಿಕ್ಸ್‌ನ ಕನಸು ಕಂಡವನು ಎಂಬ ಮಾತುಗಳು ಅವುಗಳಲ್ಲಿದ್ದವು. ಇಪ್ಪತ್ತು ನಿಮಿಷದ ಕೃತ್ಯಕ್ಕೆ ಇಪ್ಪತ್ತು ವರ್ಷದ ಬದುಕೇ ಬೆಲೆಯಾಗಬಾರದೆಂಬ ಅರ್ಥದ ತಂದೆಯ ಪತ್ರ ಜಗತ್ತಿನೆಲ್ಲೆಡೆ ಕುಖ್ಯಾತವಾಯಿತು. ಸೆರೆಮನೆಯಿಂದ ಆತನ ಮೇಲೆ ತೀವ್ರ ಪರಿಣಾಮವಾದೀತು, ಆತನಿಂದ ಇತರರಿಗೆ ಅಪಾಯವಿಲ್ಲ ಎಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು.

ಗುಣನಡತೆಯ ಮಾತು ಶಿಕ್ಷೆಗೆ ಹೇಗೆ ಸಂಬಂಧಿಸುತ್ತದೆ ಎಂಬುದನ್ನು ಕಾನೂನು ಎಲ್ಲಿಯೂ ಒಂದೇ ಉಸಿರಿನಲ್ಲಿ ಹೇಳಿಲ್ಲ. ಈತ ಮತ್ತೆ ಅಪರಾಧ ಮಾಡುವ ಸಂಭವ ಕಡಿಮೆ ಎಂಬುದು ಒಂದು ವಾದ; ಅದು ಭವಿಷ್ಯವಾಣಿ. ಎತ್ತರದಿಂದ ಬಿದ್ದವನಿಗೆ ಬಿದ್ದ ಪೆಟ್ಟೇ ಸಾಕು ಎಂಬುದು ಇನ್ನೊಂದು, ಅದು ಲೆಕ್ಕಾಚಾರ. ಮೊದಲನೆಯದರಲ್ಲಿ ಹುರುಳಿರಬಹುದು. ಎರಡನೆಯದನ್ನು ಒಪ್ಪಿದರೆ, ಬೀಳಲು ಎತ್ತರವೇ ಇಲ್ಲದ ಕೂಲಿಕಾರ್ಮಿಕ ಅದೇ ಅಪರಾಧಕ್ಕೆ ಹೆಚ್ಚು ದಿನ ಜೈಲಿನಲ್ಲಿರಬೇಕಾಗುತ್ತದೆ. ಅವನ ಪರವಾಗಿ ಪತ್ರ ಬರೆಯಬಲ್ಲ ತರಬೇತುದಾರರಾಗಲಿ ಪ್ರಾಧ್ಯಾಪಕರಾಗಲಿ ಇರುವುದಿಲ್ಲ.

ಬೆಂಗಳೂರಿನ ಪ್ರಕರಣದಲ್ಲಿ ಇದಕ್ಕಿಂತ ಮೊನಚಾದ ವಿರೋಧಾಭಾಸವೊಂದಿದೆ. ಅಲ್ಲಿ ಅನ್ವಯವಾದ ಭಾರತೀಯ ದಂಡಸಂಹಿತೆಯ 376(2)(ಕೆ) ಉಪವಿಧಿಯು, ಮಹಿಳೆಯ ಮೇಲೆ ಹಿಡಿತ ಅಥವಾ ಪ್ರಾಬಲ್ಯ ಹೊಂದಿದ ಸ್ಥಾನದಲ್ಲಿರುವವನು ಎಸಗುವ ಅತ್ಯಾಚಾರವನ್ನು ಕುರಿತದ್ದು. ಕನಿಷ್ಠ 10 ವರ್ಷ, ಗರಿಷ್ಠ ಜೀವಿತಾವಧಿ. ಎಂದರೆ ಸ್ಥಾನಬಲವು ಆ ಅಪರಾಧದ ಅಂಗವೇ ಆಗಿದೆ. ಮಾಜಿ ಪ್ರಧಾನಿಯ ಮೊಮ್ಮಗ, ಸಂಸದ, ತೋಟದಮನೆಯ ಒಡೆಯ ಎಂಬುದರಿಂದಲೇ ಕೆಲಸದಾಕೆ ಬಾಯಿ ಬಿಡಲಾಗದ ಸ್ಥಿತಿ ಒದಗುತ್ತದೆ. ಅದೇ ಏಳಿಗೆಯನ್ನು ಮರುದಿನ ಕರುಣೆಗೆ ಕಾರಣವೆಂದು ಮುಂದಿಡುವುದು ಹೇಗೆ ಸರಿ? ಇಂಗ್ಲೆಂಡಿನ ಶಿಕ್ಷಾ ಮಾರ್ಗಸೂಚಿಯು ಇದನ್ನು ನೇರವಾಗಿಯೇ ಹೇಳುತ್ತದೆ: ಅಪರಾಧ ಗುರುತರವಾದಷ್ಟೂ ಹಿಂದಿನ ಸನ್ನಡತೆಯ ತೂಕ ಕಡಿಮೆ, ಒಳ್ಳೆಯ ಹೆಸರನ್ನೇ ಅಪರಾಧಕ್ಕೆ ಸಾಧನ ಮಾಡಿಕೊಂಡಿದ್ದರೆ ಅದು ಶಿಕ್ಷೆಯನ್ನು ಹೆಚ್ಚಿಸಲೂಬಹುದು. ಬೆಂಗಳೂರಿನ ನ್ಯಾಯಾಧೀಶರು ಗರಿಷ್ಠ ಶಿಕ್ಷೆಯನ್ನೇ ಕೊಟ್ಟರು; ದಂಡದ 11.5 ಲಕ್ಷ ರೂಪಾಯಿಯಲ್ಲಿ 11.25 ಲಕ್ಷ ಸಂತ್ರಸ್ತೆಗೆ ಸಲ್ಲಬೇಕೆಂದರು. ಅಪರಾಧಿ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾನೆ.

ನಮ್ಮಲ್ಲಿ ಈ ವಾದಕ್ಕೆ ಇನ್ನೊಂದು ಹೆಸರೂ ಇದೆ: ಸಂಸ್ಕಾರ. 2002ರ ಗುಜರಾತ್ ಗಲಭೆಯಲ್ಲಿ ಬಿಲ್ಕಿಸ್ ಬಾನು ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಸಿ ಬಂಧುಗಳನ್ನು ಕೊಂದ 11 ಮಂದಿಯನ್ನು 2022ರ ಆಗಸ್ಟ್ 15ರಂದು ಅವಧಿಗೆ ಮುನ್ನ ಬಿಟ್ಟಾಗ, ಶಿಫಾರಸು ಮಾಡಿದ ಸಮಿತಿಯಲ್ಲಿದ್ದ ಶಾಸಕರೊಬ್ಬರು, ಅವರಲ್ಲಿ ಕೆಲವರು ಒಳ್ಳೆಯ ಸಂಸ್ಕಾರವುಳ್ಳ ಬ್ರಾಹ್ಮಣರೆಂದು ಹೇಳಿದರು. 2024ರ ಜನವರಿ 8ರಂದು ಆ ಬಿಡುಗಡೆಯನ್ನು ರದ್ದುಪಡಿಸಿದ ಪೀಠದ ನೇತೃತ್ವ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರದು. ತೀರ್ಪು ಮುಖ್ಯವಾಗಿ ನಿಂತದ್ದು ಆ ಅಧಿಕಾರ ಗುಜರಾತಿನದಲ್ಲ, ವಿಚಾರಣೆ ನಡೆದ ಮಹಾರಾಷ್ಟ್ರದ್ದು ಎಂಬ ಅಂಶದ ಮೇಲೆ.

ಹಾಗೆಂದು ಅಪರಾಧಿಯ ಬದುಕಿನ ಕಥೆಗೆ ನ್ಯಾಯಾಲಯ ಕಿವಿ ಮುಚ್ಚಿಕೊಳ್ಳಬೇಕೆಂದಲ್ಲ. 1980ರ ಬಚನ್ ಸಿಂಗ್ ತೀರ್ಪು ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಬೇಕೆಂದಿತು. 2022ರ ಮನೋಜ್ ತೀರ್ಪು, ಮರಣದಂಡನೆಯ ಪ್ರಕರಣಗಳಲ್ಲಿ ಆತನ ಹಿನ್ನೆಲೆ, ಮನಸ್ಥಿತಿ ಮತ್ತು ಜೈಲಿನ ನಡವಳಿಕೆಯ ವರದಿ ತರಿಸಬೇಕೆಂದಿತು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ಅಧ್ಯಯನದ ಪ್ರಕಾರ, ಗಲ್ಲುಶಿಕ್ಷೆಗೆ ಗುರಿಯಾದವರಲ್ಲಿ ನೂರಕ್ಕೆ 74ರಷ್ಟು ಮಂದಿ ಆರ್ಥಿಕವಾಗಿ ದುರ್ಬಲರು. ಅಂಥವರ ಹಸಿವು, ಏಟು, ಶಾಲೆ ಕಾಣದ ಬಾಲ್ಯ ಇವನ್ನು ಯಾರಾದರೂ ಹೇಳಲೇಬೇಕು. ಕೊರತೆಯ ಕಥೆ ಅಪರಾಧವನ್ನು ಅರ್ಥ ಮಾಡಿಸುತ್ತದೆ. ಸಾಧನೆಯ ಕಥೆ ರಿಯಾಯಿತಿ ಕೇಳುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟಿರುವುದೇ ತೊಡಕು.

ಪರ್ಸ್ಕಿ ಅವರ ವಿಷಯದಲ್ಲಿ ಜನ ಸುಮ್ಮನಿರಲಿಲ್ಲ. 2018ರ ಜೂನ್ 5ರಂದು ಮಿಲ್ಪಿಟಾಸ್ ಸೇರಿದಂತೆ ಇಡೀ ಕೌಂಟಿಯ ಮತದಾರರು ಅವರನ್ನು ಪದಚ್ಯುತಗೊಳಿಸಿದರು; 1932ರ ನಂತರ ಕ್ಯಾಲಿಫೋರ್ನಿಯದಲ್ಲಿ ನ್ಯಾಯಾಧೀಶರೊಬ್ಬರು ಹೀಗೆ ಹೋದದ್ದು ಅದೇ ಮೊದಲು. ಅದಕ್ಕೂ ಮುನ್ನ, 2016ರ ಸೆಪ್ಟೆಂಬರಿನಲ್ಲೇ, ಪ್ರಜ್ಞೆಯಿಲ್ಲದವರ ಮೇಲಿನ ಇಂಥ ಅಪರಾಧಕ್ಕೆ ಪ್ರೊಬೇಷನ್ ಕೊಡಬಾರದೆಂಬ ಕಾಯಿದೆ ಬಂದಿತ್ತು. ಆ ಕಾಯಿದೆಗೆ ಒತ್ತಾಯಿಸಿದ ಜಿಲ್ಲಾ ಅಟಾರ್ನಿ ಜೆಫ್ ರೋಸೆನ್ ಪದಚ್ಯುತಿಯನ್ನು ಮಾತ್ರ ವಿರೋಧಿಸಿದರು. ಬಡವರ ಪರ ವಾದಿಸುವ ಸರ್ಕಾರಿ ನೇಮಕದ ವಕೀಲರಲ್ಲಿಯೂ ಹಲವರು ವಿರೋಧಿಸಿದರು: ಹೆದರಿದ ನ್ಯಾಯಾಧೀಶರ ಕಾಠಿಣ್ಯ ಬೀಳುವುದು ಈಜುಪಟುಗಳ ಮೇಲಲ್ಲ ಎಂಬುದು ಅವರ ಅಳಲು. ಅದನ್ನು ತಳ್ಳಿಹಾಕುವಂತಿಲ್ಲ.

ಪರಿಚಿತರ ಮಗನಿಗಾಗಿ ಎರಡು ಮಾತು ಬರೆದುಕೊಡಿ ಎಂದು ನಾಳೆ ನಮ್ಮಲ್ಲೇ ಯಾರನ್ನಾದರೂ ಕೇಳಿಯಾರು. ಮನೆತನ, ರ‍್ಯಾಂಕು, ಯುಗಾದಿ ಕಾರ್ಯಕ್ರಮದಲ್ಲಿ ಹಾಡಿದ್ದು ಇವೆಲ್ಲ ಆಗ ತಾವಾಗಿ ಕಾಗದಕ್ಕಿಳಿಯುತ್ತವೆ; ಆತ ನೋಯಿಸಿದವಳ ಬಗ್ಗೆ ಒಂದು ಸಾಲೂ ಬಾರದೆ ಪತ್ರ ಮುಗಿದುಬಿಡುತ್ತದೆ. ಕ್ಯಾಲಿಫೋರ್ನಿಯದಲ್ಲಿ ಶಿಕ್ಷೆಯ ದಿನ ಆಕೆಗೂ ಮಾತನಾಡುವ ಹಕ್ಕಿದೆ. 2008ರಿಂದ ಅದು ರಾಜ್ಯ ಸಂವಿಧಾನದಲ್ಲೇ ಇದೆ. ಟರ್ನರ್ ಪ್ರಕರಣದ ತರುಣಿ ಅಂದು ಹೆಸರು ಮರೆಮಾಚಿಯೇ ತನ್ನ ಹೇಳಿಕೆಯನ್ನು ಓದಿದರು, ಲಕ್ಷಾಂತರ ಜನ ಅದನ್ನು ಓದಿದರು. 2019ರಲ್ಲಿ ಶನೆಲ್ ಮಿಲ್ಲರ್ ಎಂಬ ಸ್ವಂತ ಹೆಸರಿನಲ್ಲಿ ಪುಸ್ತಕ ಪ್ರಕಟಿಸಿದರು.